ಗದರುವವರ ನಾಡಿನಲ್ಲಿ

ಭಾನುವಾರ, ಮಾಸ್ಕೋ

ಮಾರ್ಚ್ ಕೊನೆಯ ವಾರದಲ್ಲಿ ರಷ್ಯಾ ನೋಡಲು ಬರುವವರನ್ನು ರಷ್ಯನ್ನರೇ ಅನುಮಾನದಿಂದ ನೋಡುತ್ತಾರೆ. ಹಿಮದ ಬೆಡಗು ಮುಗಿದಿರುತ್ತದೆ, ಮರಗಳಲ್ಲಿ ಚಿಗುರಿನ ಸುಳಿವಿರುವುದಿಲ್ಲ. ಚಳಿಗಾಲವಿಡೀ ರಸ್ತೆಯ ಅಂಚಿಗೆ ಒತ್ತರಿಸಿದ್ದ ಹಿಮ ಮಸಿ ಹಿಡಿದು ಕರಗುತ್ತ ನಡೆಯುವ ದಾರಿಯೆಲ್ಲ ಕಿಚಿಪಿಚಿ. ನಾನು ನಿವೃತ್ತಳಾದ ಮೇಲೆ ಕಣ್ಣಿಗೆ ಬಿದ್ದ ಅಗ್ಗದ ಟಿಕೇಟು ಈ ವಾರದ್ದಾಗಿತ್ತು, ಅಷ್ಟೆ. ತಂಗಿಯ ಮಗ ತ್ವೇರ್ ಎಂಬ ಊರಲ್ಲಿ ಡಾಕ್ಟರಿಕೆ ಓದುತ್ತಿದ್ದಾನೆ. ಅವನನ್ನು ನೋಡಿಕೊಂಡು ಬರುವ ನೆಪದಲ್ಲಿ ಬೀದರ್‌ನಿಂದ ಹೈದರಾಬಾದ್, ದೆಹಲಿ ದಾಟಿ ಶೆರೆಮೆತ್ಯೆವೊ ವಿಮಾನ ನಿಲ್ದಾಣದಲ್ಲಿ ಇಳಿದೆ.

ಹೋಗುವವರಿಗೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ವೀಸಾ ಈಗ ಮನೆಯಲ್ಲಿ ಕೂತೇ ಇಂಟರ್ನೆಟ್ಟಿನಲ್ಲಿ ಸಿಗುತ್ತದೆ, 2023ರ ಆಗಸ್ಟ್‌ನಿಂದ ಭಾರತದವರಿಗೂ ಆ ಸೌಲಭ್ಯ ಇದೆ. ದುಡ್ಡಿನದೇ ಪೀಕಲಾಟ. 2022ರ ಮಾರ್ಚ್‌ನಲ್ಲಿ ವೀಸಾ, ಮಾಸ್ಟರ್‌ಕಾರ್ಡ್ ಕಂಪನಿಗಳು ಅಲ್ಲಿಂದ ಕಾಲ್ತೆಗೆದ ಮೇಲೆ ಆ ಹೆಸರಿನ ನಮ್ಮ ಕಾರ್ಡುಗಳು ಅಲ್ಲಿ ಬರೀ ಪ್ಲಾಸ್ಟಿಕ್ಕು. ನೋಟನ್ನೇ ಒಯ್ಯಬೇಕು. ಸೊಂಟಕ್ಕೆ ಚೀಲ ಕಟ್ಟಿಕೊಂಡು ಊರು ಸುತ್ತುವ ನಮ್ಮ ಹಿರಿಯರ ಪದ್ಧತಿಗೆ ನಾನೂ ಮರಳಬೇಕಾಯಿತು.

ತಂಗಿಯ ಮಗನೊಡನೆ ನಗರದೊಳಕ್ಕೆ ಬಂದು ಮೆಟ್ರೊ ಹಿಡಿದೆವು. 1935ರಲ್ಲಿ ಶುರುವಾದ ಮೆಟ್ರೊ. ಅಮೃತಶಿಲೆ, ತೂಗುದೀಪ, ಮೊಸಾಯಿಕ್ ಚಿತ್ರಗಳ ಬಗ್ಗೆ ಫೋಟೊಗಳೇ ಸಾಕಷ್ಟು ಹೇಳಿವೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಅಲ್ಲಿನ ಮೌನ. ಬೋಗಿ ತುಂಬ ಜನ, ಒಬ್ಬರ ಬಾಯಲ್ಲೂ ಮಾತಿಲ್ಲ. ಮಾತಾಡುವುದು ರೈಲು ಮಾತ್ರ. ನಗರದ ನಡುವಿಗೆ ಹೋಗುವಾಗ ನಿಲ್ದಾಣದ ಹೆಸರು ಕೂಗುವುದು ಗಂಡಸಿನ ದನಿ, ನಡುವಿನಿಂದ ಹೊರಕ್ಕೆ ಹೋಗುವಾಗ ಹೆಂಗಸಿನ ದನಿ. ವರ್ತುಲ ಮಾರ್ಗದಲ್ಲಾದರೆ ಗಡಿಯಾರದ ಮುಳ್ಳಿನ ದಿಕ್ಕಿಗೆ ಗಂಡು, ಎದುರು ದಿಕ್ಕಿಗೆ ಹೆಣ್ಣು. ಕಣ್ಣು ಕಾಣದವರಿಗೂ ತಾವು ಯಾವ ಕಡೆ ಹೊರಟಿದ್ದೇವೆಂದು ಗೊತ್ತಾಗುತ್ತದೆ. "ಕೆಲಸಕ್ಕ ಸಾಹೇಬ ಕರೀತಾನ, ಮನಿಗೆ ಹೆಂಡ್ತಿ ಕರೀತಾಳ ಅಂತ ಇಲ್ಲಿ ಮಂದಿ ನೆನಪಿಟ್ಕೋತಾರ" ಎಂದ ಹುಡುಗ.

ಎದುರು ಕೂತ ಹೆಂಗಸಿನ ಕಣ್ಣು ನನ್ನ ಕಣ್ಣಿಗೆ ತಾಕಿತು. ನಾನು ನಕ್ಕೆ. ಆಕೆ ಒಮ್ಮೆ ನನ್ನನ್ನು, ಒಮ್ಮೆ ತನ್ನ ಕೋಟಿನ ಗುಂಡಿಗಳನ್ನು ನೋಡಿಕೊಂಡಳು. "ದೊಡ್ಡವ್ವಾ, ಹಂಗ ಸುಮ್‌ಸುಮ್ಮನ ನಗಬ್ಯಾಡ. ಏನೋ ತಪ್ಪಾಗ್ಯಾದ ಅನ್ಕೋತಾರ" ಎಂದು ಕಿವಿಯಲ್ಲಿ ಉಸುರಿದ. ಪರಿಚಯವೇ ಇಲ್ಲದವರಿಗೆ ನಗೆ ಹಂಚುವುದು ಇವರ ಪ್ರಕಾರ ಒಂದೋ ಹುಡುಗಾಟ, ಇಲ್ಲವೇ ವ್ಯಾಪಾರ.

ಸೋಮವಾರ, ಮಾಸ್ಕೋ

ಕೆಂಪು ಚೌಕಕ್ಕೆ ಹೋಗದೆ ಬಂದರೆ ಊರಿನವರು ಬಿಡುವುದಿಲ್ಲ, ಹೋದೆ. 1561ರಲ್ಲಿ ಮುಗಿದ ಸಂತ ಬಸೀಲನ ಗುಡಿಯ ಬಣ್ಣದ ಗುಮ್ಮಟಗಳನ್ನು ಬೂದು ಆಕಾಶದ ಕೆಳಗೇ ನೋಡಬೇಕು, ಆಗ ಆ ಬಣ್ಣಗಳು ಏಕೆ ಬೇಕಿತ್ತೆಂದು ತಿಳಿಯುತ್ತದೆ. ಲೆನಿನ್ ಸಮಾಧಿ ಸೋಮವಾರ ಮುಚ್ಚಿರುತ್ತದೆ. ನನಗೇನೂ ಬೇಸರವಾಗಲಿಲ್ಲ. ಕ್ರೆಮ್ಲಿನ್ ಒಳಗಿನ ದೈತ್ಯ ಗಂಟೆಯನ್ನು ನೋಡಿದೆ. ಇನ್ನೂರು ಟನ್ ತೂಕ, ಒಮ್ಮೆಯೂ ಬಾರಿಸಿದ್ದಿಲ್ಲ. 1737ರ ಬೆಂಕಿಯಲ್ಲಿ ಒಡೆದು ಉದುರಿದ ಚೂರೊಂದೇ ಹನ್ನೊಂದೂವರೆ ಟನ್. ಹತ್ತಿರದಲ್ಲೇ 1586ರ ದೊಡ್ಡ ಫಿರಂಗಿ. ಯುದ್ಧದಲ್ಲಿ ಅದರಿಂದ ಒಂದು ಗುಂಡೂ ಹಾರಿದ್ದಿಲ್ಲವಂತೆ. ದೊರೆಗಳ ಖರ್ಚುವೆಚ್ಚ ಎಲ್ಲ ದೇಶದಲ್ಲೂ ಒಂದೇ ಬಗೆ.

ಕ್ರಾಂತಿ ಚೌಕದ ಮೆಟ್ರೊ ನಿಲ್ದಾಣದಲ್ಲಿ ಎಪ್ಪತ್ತಾರು ಕಂಚಿನ ಪ್ರತಿಮೆಗಳಿವೆ. ಅದರಲ್ಲಿ ಗಡಿ ಕಾಯುವ ಯೋಧನ ಪಕ್ಕದಲ್ಲೊಂದು ನಾಯಿ, ಅದರ ಮೂತಿ ಬಂಗಾರದ ಹಾಗೆ ಫಳಫಳ. ಪರೀಕ್ಷೆಗೆ ಹೋಗುವ ವಿದ್ಯಾರ್ಥಿಗಳು ಸವರಿ ಸವರಿ ಮಾಡಿದ ಹೊಳಪು. ಕ್ರಾಂತಿಯ ಸ್ಮಾರಕದಲ್ಲಿ ಹರಕೆಯ ನಾಯಿ! ನಮ್ಮ ಹುಡುಗನೂ ಅತ್ತಿತ್ತ ನೋಡಿ ಬೇಗ ಒಮ್ಮೆ ಸವರಿಕೊಂಡ.

ಮಧ್ಯಾಹ್ನದ ಊಟ ಸ್ತಲೋವಯಾದಲ್ಲಿ. ತಟ್ಟೆ ಹಿಡಿದು ಸಾಲಿನಲ್ಲಿ ಸಾಗುತ್ತ ಬೇಕಾದ್ದನ್ನು ತೋರಿಸಿ ಬಡಿಸಿಕೊಳ್ಳುವ ಸೋವಿಯತ್ ಕಾಲದ ಮಾದರಿಯ ಊಟದ ಮನೆ. ಸಸ್ಯಾಹಾರಿಗಳು ರಷ್ಯಾದಲ್ಲಿ ಉಪವಾಸ ಬೀಳುತ್ತಾರೆಂಬ ಮಾತು ಅರ್ಧ ಸತ್ಯ. ಈಸ್ಟರ್ ಹಬ್ಬಕ್ಕೆ ಮೊದಲಿನ ಏಳು ವಾರ ಆರ್ಥಡಾಕ್ಸ್ ಕ್ರೈಸ್ತರಿಗೆ ದೊಡ್ಡ ವ್ರತದ ಕಾಲ. ಮಾಂಸ, ಮೊಟ್ಟೆ, ಹಾಲು, ಬೆಣ್ಣೆ ಯಾವುದೂ ಇಲ್ಲ. ಅದಕ್ಕಾಗಿ ಎಷ್ಟೋ ಹೋಟೆಲುಗಳು ಬೇರೆಯೇ ಪಟ್ಟಿ ಹಾಕುತ್ತವೆ. ಬೀಟ್‌ರೂಟ್, ಎಲೆಕೋಸಿನ ಬೋರ್ಶ್ ಸಾರು, ಅಣಬೆ ಹಾಕಿದ ಆಲೂಗಡ್ಡೆ, ಗ್ರೇಚ್ಕಾ ಎಂಬ ಕಂದು ಬಣ್ಣದ ಕಾಳಿನ ಅನ್ನ. ಗ್ರೇಚ್ಕಾ ನನಗೆ ಬಹಳ ಹಿಡಿಸಿತು. ಸಬ್ಬಸಿಗೆ ಸೊಪ್ಪನ್ನು ಮಾತ್ರ ಇವರು ಎಲ್ಲದರ ಮೇಲೂ ಉದುರಿಸುತ್ತಾರೆ, ಕೇಳುವವರಿಲ್ಲ. ಖಾರದ ಮಾತೇ ಎತ್ತಬೇಡಿ.

ಸಂಜೆ ಒಂದು ಚಿಕ್ಕ ರಂಗಮಂದಿರಕ್ಕೆ ಹೋದಾಗ ಈ ನಾಡಿನ ನಿಜವಾದ ಅಧಿಕಾರಿಯ ದರ್ಶನವಾಯಿತು. ಆಕೆ ಗಾರ್ದೆರೋಬ್‌ನಲ್ಲಿ ಇರುತ್ತಾಳೆ. ರಂಗಮಂದಿರ, ಮ್ಯೂಜಿಯಂ, ಆಸ್ಪತ್ರೆ, ಕಾಲೇಜು, ಎಲ್ಲಿ ಹೋದರೂ ಬಾಗಿಲಲ್ಲೇ ಕೋಟು ಬಿಚ್ಚಿ ಕೊಟ್ಟು ನಂಬರಿನ ಬಿಲ್ಲೆ ಪಡೆಯಬೇಕು. ಕೋಟು ಹಾಕಿಕೊಂಡು ಒಳಗೆ ಕೂರುವುದು ದೊಡ್ಡ ಅನಾಗರಿಕತೆ. ನನ್ನ ಮುಂದಿದ್ದ ಹೆಂಗಸರು ಕೆಸರಿನ ಬೂಟು ಕಳಚಿ ಚೀಲದಲ್ಲಿ ತಂದಿದ್ದ ನಾಜೂಕಿನ ಚಪ್ಪಲಿ ಮೆಟ್ಟಿ, ತಲೆ ಬಾಚಿ ಒಳಗೆ ಹೋಗುತ್ತಿದ್ದರು. ನಾನು ಹೈದರಾಬಾದಿನ ನಾದಿನಿಯಿಂದ ಎರವಲು ತಂದ ಕೋಟು ಕೊಟ್ಟೆ. ಎಪ್ಪತ್ತು ದಾಟಿದ ಆ ಅಜ್ಜಿ ಕೊರಳಪಟ್ಟಿ ತಿರುವಿ ನೋಡಿ ಕೂಗಾಡಲು ಶುರು ಮಾಡಿದಳು. ಕೋಟಿನ ಒಳಗೆ ಕೊಕ್ಕೆಗೆ ಸಿಗಿಸುವ ಕುಣಿಕೆ ಇಲ್ಲ! ಸಾಲು ನಿಂತಿತು. ಹುಡುಗ ಕೆಂಪಾಗಿ "ಇಷ್ಟು ದೊಡ್ಡವರು, ಇಷ್ಟು ಸಣ್ಣ ಕೆಲಸ ಮಾಡ್ಕೊಳ್ಳಾಕ ಆಗೂದಿಲ್ಲೇನು ಅಂತ ಕೇಳ್ಳಿಕತ್ತಾಳ" ಎಂದ. ನಾಟಕ ಮುಗಿದು ಕೋಟು ಮರಳಿ ಪಡೆದಾಗ ಅದರ ಒಳಗೆ ಒಂದು ತುಂಡು ಲಾಡಿ, ಎರಡು ಬದಿಗೂ ಪಿನ್ನು ಚುಚ್ಚಿ ಕುಣಿಕೆಯಾಗಿತ್ತು. ಕೊಡುವಾಗಲೂ ಬೈದಳು. ದುಡ್ಡು ಕೊಡಹೋದರೆ ಇನ್ನಷ್ಟು ಬೈದಳು.

ಮಂಗಳವಾರ, ತ್ವೇರ್

ಮಾಸ್ಕೋದಿಂದ ಪೀಟರ್ಸ್‌ಬರ್ಗಿನ ರೈಲುದಾರಿಯಲ್ಲಿ ಎರಡು ತಾಸಿನೊಳಗೆ ಸಿಗುವ ಊರು. ನಾಲ್ಕು ಲಕ್ಷದಷ್ಟು ಜನ, ನಡುವೆ ವೋಲ್ಗಾ ನದಿ. 1931ರಿಂದ 1990ರವರೆಗೆ ಇದರ ಹೆಸರು ಕಲೀನಿನ್. ಪ್ರವಾಸಿಗರು ಇಲ್ಲಿ ಇಳಿಯುವುದು ಕಡಿಮೆ. ಬೀದರ್‌ನವರು ಮಾತ್ರ ಇಳಿಯಲೇಬೇಕು.

ನದಿಯ ದಂಡೆಯ ಮೇಲೆ ಅಫಾನಾಸಿ ನಿಕೀತಿನ್ ನಿಂತಿದ್ದಾನೆ. ಕುದುರೆ ತಲೆಯ ಮೂತಿಯಿರುವ ಹಡಗಿನ ಮೇಲೆ ಉದ್ದ ಅಂಗಿಯ ಕಂಚಿನ ವ್ಯಾಪಾರಿ, 1955ರಲ್ಲಿ ನಿಲ್ಲಿಸಿದ್ದು. ರಷ್ಯಾಕ್ಕೆ ಬಂದಿದ್ದ ನೆಹರೂ "ನಿಕೀತಿನನ ಸ್ಮಾರಕ ಎಲ್ಲಿದೆ?" ಎಂದು ಕೇಳಿದ್ದಕ್ಕೆ ಆಗಿನ ಸೋವಿಯತ್ ನಾಯಕ ಕ್ರುಶ್ಚೇವ್ "ತ್ವೇರ್‌ನಲ್ಲಿದೆ" ಎಂದು ಬಾಯಿಗೆ ಬಂದದ್ದು ಹೇಳಿ ಆಮೇಲೆ ಗಡಿಬಿಡಿಯಲ್ಲಿ ಮಾಡಿಸಿದ ಎಂಬ ದಂತಕಥೆ ಇದೆ. ನಂಬಬೇಕೆಂದೇನಿಲ್ಲ, ಕೇಳಲು ಚೆನ್ನಾಗಿದೆ.

ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಬರುವುದಕ್ಕೂ ಕಾಲು ಶತಮಾನ ಮೊದಲು, 1470ರ ಆಸುಪಾಸಿನಲ್ಲಿ, ಈ ತ್ವೇರ್‌ನವನು ನಮ್ಮ ಬೀದರ್‌ನಲ್ಲಿ ಇದ್ದ. ದಾರಿಯಲ್ಲಿ ದರೋಡೆಕೋರರು ಸರಕು ದೋಚಿದ್ದರು. ಉಳಿದ ದುಡ್ಡಿಗೆ ಒಂದು ಗಂಡುಕುದುರೆ ಕೊಂಡು ಕಡಲು ದಾಟಿ ಚೌಲ್ ಬಂದರಿಗೆ ಬಂದ. ಜುನ್ನರ್‌ನಲ್ಲಿ ಅಲ್ಲಿನ ಖಾನ ಮತ ಬದಲಿಸು ಎಂದು ಕುದುರೆಯನ್ನೇ ಕಿತ್ತುಕೊಂಡ. ಹೇಗೋ ಬಿಡಿಸಿಕೊಂಡು ಬಂದು ಬೀದರ್‌ನಲ್ಲಿ ಮಾರಿದ. ಬಹಮನಿ ಸುಲ್ತಾನನ ಮೆರವಣಿಗೆಯ ಆನೆಗಳು, ಆಳಂದದ ಜಾತ್ರೆಯ ಕುದುರೆ ವ್ಯಾಪಾರ, ಎಲ್ಲ ಬರೆದಿಟ್ಟ. ನಮ್ಮ ಜನ ಮೊದಮೊದಲು ಅವನೆದುರು ಊಟ ಮಾಡುತ್ತಿರಲಿಲ್ಲವಂತೆ, ಗುರುತಾದ ಮೇಲೆ ಮುಚ್ಚುಮರೆ ಬಿಟ್ಟರಂತೆ. ಅವರ ಜೊತೆ ಶಿವನ ಜಾತ್ರೆಗೆ ಪರ್ವತಕ್ಕೂ ಹೋಗಿಬಂದ. ಅದು ನಮ್ಮ ಶ್ರೀಶೈಲ ಎನ್ನುತ್ತಾರೆ ಬಲ್ಲವರು. ನಮ್ಮ ಮನೆಯಿಂದ ಈಗಲೂ ಯಾರಾದರೊಬ್ಬರು ಪ್ರತಿವರ್ಷ ಹೋಗುವ ಜಾಗ.

ಅವನ ಬರಹದಲ್ಲಿ ಆನೆ, ವಜ್ರಕ್ಕಿಂತ ನನಗೆ ಹತ್ತಿರವಾದದ್ದು ಒಂದು ಗೋಳು. ಧರ್ಮಗ್ರಂಥಗಳು ದರೋಡೆಯಲ್ಲಿ ಹೋಗಿದ್ದವು. ಯಾವ ದಿನ ಹಬ್ಬ, ಯಾವ ದಿನ ವ್ರತ ಎಂದು ತಿಳಿಯುವ ದಾರಿಯೇ ಅವನಿಗೆ ಇರಲಿಲ್ಲ. ಸುತ್ತಲಿನವರ ತಿಂಗಳ ಲೆಕ್ಕ ನೋಡಿ ಅಂದಾಜಿನಲ್ಲಿ ಈ ದೊಡ್ಡ ವ್ರತ ಹಿಡಿಯುತ್ತಿದ್ದ, ಸರಿಯೋ ತಪ್ಪೋ ಎಂದು ಕೊರಗುತ್ತಿದ್ದ. ಅವನು ಊರು ಮುಟ್ಟಲಿಲ್ಲ. ಸ್ಮೊಲೆನ್ಸ್ಕ್ ತಲುಪುವ ಮುಂಚೆಯೇ ತೀರಿಕೊಂಡ, ಬರಹ ಮಾತ್ರ ಮಾಸ್ಕೋ ಸೇರಿತು. ಬೀದರ್‌ನಲ್ಲಿ ಅವನು ಊಹೆಯ ಮೇಲೆ ಹಿಡಿದ ವ್ರತದ ಊಟವನ್ನೇ ನಾನು ಅವನ ಊರಲ್ಲಿ, ಅದೇ ವ್ರತದ ವಾರಗಳಲ್ಲಿ ಉಂಡೆ. ಬರೀ ಎಲೆಕೋಸು, ಅಣಬೆ.

ಹುಡುಗನ ಹಾಸ್ಟೆಲು ನೋಡಲು ಹೋದೆ. ಭಾರತದ ಮಕ್ಕಳು ಇಲ್ಲಿ ಬಹಳ, ಆರು ವರ್ಷದ ಓದು. ಪಾಠ ಇಂಗ್ಲಿಷಿನಲ್ಲಾದರೂ ವಾರ್ಡಿಗೆ ಹೋದ ಮೇಲೆ ರೋಗಿಯ ಹೊಟ್ಟೆನೋವು ರಷ್ಯನ್‌ನಲ್ಲೇ ಇರುತ್ತದಲ್ಲ, ಹಾಗಾಗಿ ಭಾಷೆ ಕಲಿಯದೆ ವಿಧಿಯಿಲ್ಲ. ಬಾಗಿಲಲ್ಲಿ ಕಾವಲಿಗೆ ಕೂತ ಅಜ್ಜಿ ಅವನನ್ನು ಕಂಡದ್ದೇ ಕೈ ತಲೆಯ ಮೇಲಿಟ್ಟು ತೋರಿಸಿ ಶುರು ಮಾಡಿದಳು. ಟೊಪ್ಪಿಗೆ ಎಲ್ಲಿ? ಬಿಸಿಲು ಬಿದ್ದರೆ ಚಳಿ ಹೋಯಿತೇ? ಜ್ವರ ಬಂದರೆ ಯಾರು ನೋಡುತ್ತಾರೆ? ನನ್ನ ಕಡೆ ತಿರುಗಿ ಇನ್ನೂ ಜೋರಾಗಿ ಏನೋ ಕೇಳಿದಳು. "ಇವ ಇಷ್ಟು ಸೊರಗ್ಯಾನ, ನೀವು ಊರಾಗ ಇವನಿಗೆ ಉಣ್ಣಾಕ ಕೊಡ್ತಿದ್ದಿಲ್ಲೇನು ಅಂತ" ಎಂದು ಅವನೇ ನಗುತ್ತ ಹೇಳಿದ.

ಹಾಗೆಂದು ಎಲ್ಲ ಗದರಿಕೆಯೂ ಅಕ್ಕರೆ ಎಂದು ನಾನು ಮೈಮರೆತಿಲ್ಲ. ಮಧ್ಯಾಹ್ನವೇ ಒಂದು ಕಚೇರಿಯ ಕಿಟಕಿಯಲ್ಲಿ ಅರ್ಧ ತಾಸು ಸಾಲು ನಿಂತು ನನ್ನ ಸರದಿ ಬಂತು ಎನ್ನುವಾಗ, ಒಳಗಿದ್ದಾಕೆ "ವಿರಾಮ" ಎಂಬ ಫಲಕ ಇಟ್ಟು ಪರದೆ ಎಳೆದಳು. ಪರದೆಯ ಆಚೆ ಚಮಚ ಅಲ್ಲಾಡಿಸುವ ಸದ್ದು ಕೇಳಿಸುತ್ತಿತ್ತು. ಸಾಲಿನಲ್ಲಿ ಒಬ್ಬರೂ ಚಕಾರ ಎತ್ತಲಿಲ್ಲ. ಅದರಲ್ಲಿ ಯಾವ ಪ್ರೀತಿಯೂ ಇರಲಿಲ್ಲ.

ಬುಧವಾರ, ತ್ವೇರ್

ಹುಡುಗನಿಗೆ ರಷ್ಯನ್ ಕಲಿಸಿದ, ಈಗ ನಿವೃತ್ತರಾದ ಟೀಚರಮ್ಮ ನನ್ನನ್ನು ಮನೆಗೆ ಕರೆದಿದ್ದರು. ಹೂವು ಒಯ್ಯೋಣವೆಂದರೆ ಅಂಗಡಿಯಲ್ಲೇ ಪಾಠ ಶುರು. ಸಮಸಂಖ್ಯೆಯ ಹೂವು ಸತ್ತವರಿಗೆ, ಬದುಕಿದ್ದವರಿಗೆ ಮೂರೋ ಐದೋ. ಮನೆಯ ಬಾಗಿಲಲ್ಲಿ ನಾನು ಕೈ ಚಾಚಿದರೆ ಅವರು ಹಿಂದೆ ಸರಿದು ಒಳಗೆ ಬಾ ಎಂದು ಸನ್ನೆ ಮಾಡಿದರು. ಹೊಸ್ತಿಲಿನ ಮೇಲೆ ಕೈ ಕುಲುಕಬಾರದು, ಜಗಳವಾಗುತ್ತದೆ. ಹೊಸ್ತಿಲಿನ ವಿಚಾರವನ್ನು ನನಗೆ ಬಿಡಿಸಿ ಹೇಳಬೇಕಿರಲಿಲ್ಲ. ಬೂಟು ಕಳಚುತ್ತಿದ್ದಂತೆ ತಾಪಚ್ಕಿ ಬಂತು, ಮನೆಯೊಳಗಿನ ಮೆತ್ತನೆಯ ಚಪ್ಪಲಿ. ಬರುವ ಹೋಗುವವರಿಗೆಂದೇ ಬೇರೆಬೇರೆ ಅಳತೆಯ ಜೋಡಿಗಳನ್ನು ಬುಟ್ಟಿಯಲ್ಲಿ ಇಟ್ಟಿರುತ್ತಾರೆ.

ಅವರನ್ನು ಹೆಸರಿನ ಜೊತೆ ತಂದೆಯ ಹೆಸರು ಸೇರಿಸಿಯೇ ಕರೆಯಬೇಕು, ಅದೇ ಇಲ್ಲಿನ ಗೌರವ. ಟಾಲ್‌ಸ್ಟಾಯ್ ಎಂದರೆ ಲೆವ್ ನಿಕಲಾಯೆವಿಚ್, ನಿಕಲಾಯನ ಮಗ ಲೆವ್. ಪುಷ್ಕಿನ್ನನ ಮಾತು ಬಂದಾಗಲೂ ಟೀಚರಮ್ಮ ಪಕ್ಕದ ಮನೆಯ ಯಜಮಾನರ ಸುದ್ದಿ ಹೇಳುವ ಹಾಗೆ "ಅಲೆಕ್ಸಾಂದ್ರ್ ಸೆರ್ಗೆಯೆವಿಚ್" ಎನ್ನುತ್ತಿದ್ದರು. ಪುಸ್ತಕದ ಕಪಾಟು ಇಡೀ ಗೋಡೆಗೆ. ನಾನು ಹೈಸ್ಕೂಲಿನಲ್ಲಿದ್ದಾಗ ಸೋವಿಯತ್ ಪುಸ್ತಕಗಳ ಗಾಡಿ ಊರೂರಿಗೆ ಬಂದು ನಾಲ್ಕೈದು ರೂಪಾಯಿಗೆ ಗಟ್ಟಿ ರಟ್ಟಿನ ಪುಸ್ತಕ ಕೊಡುತ್ತಿದ್ದ ಸಂಗತಿ ಹೇಳಿದೆ. ಅವರು ಬಹಳ ಹೊತ್ತು ನಂಬಲಿಲ್ಲ. ಕೊನೆಗೆ ಆ ಪುಸ್ತಕಗಳ ವಾಸನೆ ಹೇಗಿತ್ತು ಎಂದು ಕೇಳಿದರು.

ಮನೆ ಕ್ರುಶ್ಚೇವ್ ಕಾಲದ ಐದಂತಸ್ತಿನ ಕಟ್ಟಡದಲ್ಲಿ. ಲಕ್ಷಾಂತರ ಸಂಸಾರಗಳಿಗೆ ಮೊದಲ ಸಲ ಬೇರೆ ಅಡುಗೆಮನೆ ಕೊಟ್ಟ ಕಟ್ಟಡಗಳಿವು. ಅಡುಗೆಮನೆ ಎಂದರೆ ಆರು ಚದರ ಮೀಟರ್ ಇದ್ದೀತು. ಒಲೆ, ಫ್ರಿಜ್ಜು, ಮೇಜು ಇಟ್ಟ ಮೇಲೆ ಉಳಿದ ಜಾಗದಲ್ಲಿ ನಾವು ಮೂವರು. ದಿವಾನಖಾನೆ ಖಾಲಿ ಇದ್ದರೂ ಕೂತದ್ದು ಇಲ್ಲೇ. ಹೊರಗೆ ಸೊನ್ನೆಯ ಆಸುಪಾಸು, ಒಳಗೆ ಬೆವರು ಬರುವಷ್ಟು ಸೆಕೆ! ಬೆಚ್ಚಗಿಡುವ ಕೆಲಸ ಮನೆಯವರದ್ದಲ್ಲ, ಊರಿನದು. ದಿನದ ಸರಾಸರಿ ಉಷ್ಣಾಂಶ ಐದು ದಿನ ಸತತ 8 ಡಿಗ್ರಿಗಿಂತ ಕೆಳಗಿಳಿದರೆ ಊರಿಗೆ ಊರೇ ಬಿಸಿನೀರಿನ ಕೊಳವೆಗಳು ಬೆಚ್ಚಗಾಗುತ್ತವೆ. ವಸಂತದಲ್ಲಿ ಅದೇ ಲೆಕ್ಕದಲ್ಲಿ ನಿಲ್ಲುತ್ತವೆ. ನಡುವೆ ಸೆಕೆಯಾದರೆ ಕಿಟಕಿಯ ಮೂಲೆಯ ಪುಟ್ಟ ಗಾಜು ತೆರೆದು ಹಿಮಗಾಳಿ ಬಿಟ್ಟುಕೊಳ್ಳುವುದು.

ಕಿಟಕಿಯ ಕಟ್ಟೆ ತುಂಬ ಕತ್ತರಿಸಿದ ಹಾಲಿನ ಡಬ್ಬಗಳು, ಒಂದೊಂದರಲ್ಲೂ ಟೊಮೆಟೊ, ದೊಣ್ಣಮೆಣಸಿನಕಾಯಿ ಸಸಿ. ಮಾರ್ಚಿನಲ್ಲಿ ರಷ್ಯಾದ ಅರ್ಧ ಕಿಟಕಿಗಳು ಹೀಗೇ ಇರುತ್ತವೆ. ಮೇ ತಿಂಗಳಲ್ಲಿ ಈ ಸಸಿಗಳು ದಾಚಾಕ್ಕೆ ಹೋಗುತ್ತವೆ. ಸೋವಿಯತ್ ಕಾಲದಲ್ಲಿ ಕಾರ್ಖಾನೆ, ಕಚೇರಿಗಳ ಮೂಲಕ ಜನರಿಗೆ ಹಂಚಿದ ಆರುನೂರು ಚದರ ಮೀಟರಿನ ತುಂಡು ಭೂಮಿ, ಅದರಲ್ಲೊಂದು ಮರದ ಗೂಡು. ತೊಂಬತ್ತರ ದಶಕದಲ್ಲಿ ಸಂಬಳ ತಿಂಗಳುಗಟ್ಟಲೆ ಬಾರದಿದ್ದಾಗ ಈ ತುಂಡು ನೆಲದ ಆಲೂಗಡ್ಡೆಯೇ ತಮ್ಮನ್ನು ಉಳಿಸಿತು ಎಂದರು ಟೀಚರಮ್ಮ, ಲೆಕ್ಕ ಒಪ್ಪಿಸುವ ದನಿಯಲ್ಲಿ. ಗೋಡೆಗೆ ತೂಗಿದ್ದ ಕ್ಯಾಲೆಂಡರಿನಲ್ಲಿ ಚಂದ್ರನ ವೃದ್ಧಿ ಕ್ಷಯ ನೋಡಿ ಯಾವ ದಿನ ಏನು ಬಿತ್ತಬೇಕೆಂದು ಬರೆದಿತ್ತು. ಮೊದಲ ಗಗನಯಾತ್ರಿ ಗಗಾರಿನ್‌ನ ದೇಶದಲ್ಲಿ!

ಮೇಜಿನ ಮೇಲೆ ಜಾಗ ಇಲ್ಲದಷ್ಟು ತಿಂಡಿ. ಉಪ್ಪಿನಲ್ಲಿ ಹಾಕಿದ ಅಣಬೆ, ಸೌತೆಕಾಯಿ, ಹುಳಿ ಎಲೆಕೋಸು, ಆಲೂಗಡ್ಡೆ ತುಂಬಿದ ಕಡುಬು, ಚಹಾಕ್ಕೆ ಕಪ್ಪು ದ್ರಾಕ್ಷಿಯಂಥ ಕಾಡುಹಣ್ಣಿನ ವರೇನ್ಯೆ ಎಂಬ ಸಿಹಿ ಪಾಕ. ಎಲ್ಲ ಮನೆಯದೇ. ನಾನು ಮಾಂಸ ತಿನ್ನುವುದಿಲ್ಲವೆಂದು ತಿಳಿದು ಎರಡು ದಿನ ಯೋಚನೆ ಮಾಡಿದ್ದರಂತೆ. ತಟ್ಟೆ ಖಾಲಿಯಾದರೆ ತುಂಬುತ್ತಾರೆ, ಸಾಕು ಎಂದರೆ ಹುಬ್ಬು ಗಂಟಿಕ್ಕುತ್ತಾರೆ, ಬೇಡವೆಂದು ಕೈ ಅಡ್ಡ ಹಿಡಿದರೆ ಕೈ ಸರಿಸಿ ಬಡಿಸುತ್ತಾರೆ. ಬೀದಿಯಲ್ಲಿ ಕಂಡಿದ್ದರೆ ಇವರೂ ನನ್ನ ಮುಖ ನೋಡದೆ ಹೋಗುತ್ತಿದ್ದರೇನೋ. ಬಾಗಿಲಿನ ಈಚೆಗೆ ಬಂದವರ ಮೇಲೆ ಇವರಿಗೆ ಪೂರ್ತಿ ಅಧಿಕಾರ.

ಊರಿನ ಬಸ್ ನಿಲ್ದಾಣಗಳಲ್ಲಿ ಸೇನೆಗೆ ಬನ್ನಿ ಎಂದು ಕರೆಯುವ, ಸಂಬಳದ ಅಂಕಿಯನ್ನು ದಪ್ಪಕ್ಷರದಲ್ಲಿ ಬರೆದ ಭಿತ್ತಿಚಿತ್ರಗಳನ್ನು ನೋಡುತ್ತ ಬಂದಿದ್ದೆ. ಆ ಮಾತು ತೆಗೆಯಬಾರದೆಂದು ಹುಡುಗ ಮೊದಲೇ ಎಚ್ಚರಿಸಿದ್ದ, ತೆಗೆಯಲಿಲ್ಲ. ಪಕ್ಕದ ಕೋಣೆಯಲ್ಲಿ ಟಿವಿ ಸುದ್ದಿ ಶುರುವಾದಾಗ ಟೀಚರಮ್ಮ ತಾವೇ ಎದ್ದು ಹೋಗಿ ಆರಿಸಿ ಬಂದರು. ಆಮೇಲೆ ಸ್ವಲ್ಪ ಹೊತ್ತು ಸಸಿಗಳಿಗೆ ನೀರು ಹಾಕಿದರು, ಆಗಲೇ ಹಾಕಿದ್ದವಕ್ಕೂ.

ಗುರುವಾರ, ರಾತ್ರಿ ರೈಲು

ಪ್ಲಾತ್ಸ್‌ಕಾರ್ತ್ ಎಂದರೆ ಬಾಗಿಲಿಲ್ಲದ ಮಲಗುವ ಬೋಗಿ. ನಾಲ್ಕು ಹಾಸಿಗೆ ಆ ಕಡೆ, ಎರಡು ಕಿಟಕಿಯುದ್ದಕ್ಕೆ, ಹೀಗೆ ಒಂಬತ್ತು ಗೂಡು, ಒಟ್ಟು 54 ಜನ. ನಮ್ಮ ಸ್ಲೀಪರ್ ಕಂಡವರಿಗೆ ಹೊಸದೇನಿಲ್ಲ. ಹುಡುಗನಿಗೆ ಕ್ಲಾಸು ಇದ್ದುದರಿಂದ ನಾನೊಬ್ಬಳೇ. ಬೋಗಿಯ ಒಡತಿ ಪ್ರವದ್ನೀತ್ಸಾ. ಪಾಸ್‌ಪೋರ್ಟನ್ನು ಮೂರು ಸಲ ತಿರುವಿ, ನನ್ನನ್ನು ಒಂದು ಸಲ ನೋಡಿ ಒಳಗೆ ಬಿಟ್ಟಳು. ಒಳಗೆ ಹತ್ತು ನಿಮಿಷದಲ್ಲಿ ಎಲ್ಲರೂ ಮನೆಯ ಉಡುಪು, ಮನೆಯ ಚಪ್ಪಲಿಗೆ ಇಳಿದುಬಿಟ್ಟರು. ಹಗಲೆಲ್ಲ ಬಿಗಿದುಕೊಂಡಿದ್ದ ಮುಖಗಳೂ ಸಡಿಲವಾದವು. ಎದುರಿನ ಹಾಸಿಗೆಯ ಮುದುಕ ಕಾಗದದ ಪೊಟ್ಟಣ ಬಿಚ್ಚಿ ಬೇಯಿಸಿದ ಮೊಟ್ಟೆ, ಸೌತೆಕಾಯಿ, ಉಪ್ಪು ಇಟ್ಟು ಒಂದು ಮಾತೂ ಆಡದೆ ನನ್ನ ಕಡೆ ದೂಡಿದ. ಸೌತೆಕಾಯಿ ತೆಗೆದುಕೊಂಡೆ. ನನ್ನ ಶೇಂಗಾ ಚಿಕ್ಕಿ ಅವನ ಕಡೆ ದೂಡಿದೆ.

ಬೋಗಿಯ ತುದಿಯಲ್ಲಿ ಸದಾ ಕುದಿಯುವ ನೀರಿನ ಹಂಡೆ. ಚಹಾ ಬರುವುದು ಗಾಜಿನ ಲೋಟದಲ್ಲಿ, ಅದಕ್ಕೆ ಹಿಡಿಯಿರುವ ಕೆತ್ತನೆಯ ಲೋಹದ ಕವಚ. ರೈಲು ಕುಲುಕಿದಾಗೆಲ್ಲ ಚಮಚ ಲೋಟಕ್ಕೆ ತಾಕಿ ಕಿಣಿಕಿಣಿ ಎನ್ನುತ್ತಿರುತ್ತದೆ. ರಾತ್ರಿ ನಾನು ಹೊದಿಕೆ ಸರಿಯಾಗಿ ಹೊದ್ದಿಲ್ಲವೆಂದು ಪ್ರವದ್ನೀತ್ಸಾ ಹೋಗುತ್ತ ಬರುತ್ತ ಎರಡು ಸಲ ಗೊಣಗಿದಳು, ಬೆಳಿಗ್ಗೆ ಇಳಿಯುವುದಕ್ಕೆ ಒಂದು ತಾಸು ಮೊದಲೇ ಕಾಲು ಅಲುಗಿಸಿ ಎಬ್ಬಿಸಿದಳು.

ಶುಕ್ರವಾರ, ಸೇಂಟ್ ಪೀಟರ್ಸ್‌ಬರ್ಗ್

ಸೂರುಗಳಿಂದ ಈಟಿಯಂಥ ಮಂಜುಗಡ್ಡೆ ನೇತಾಡುತ್ತಿದ್ದವು. ಕೆಳಗೆ ಪಟ್ಟಿ ಕಟ್ಟಿ ದಾರಿ ಮುಚ್ಚಿದ್ದರು, ಜನ ರಸ್ತೆಗೆ ಇಳಿದು ನಡೆಯುತ್ತಿದ್ದರು. ಅದ್ಮಿರಲ್ತೇಯ್‌ಸ್ಕಯಾ ಮೆಟ್ರೊ ನಿಲ್ದಾಣ ನೆಲದಿಂದ 86 ಮೀಟರ್ ಆಳದಲ್ಲಿದೆ. ಚಲಿಸುವ ಮೆಟ್ಟಿಲುಗಳು ಎಷ್ಟು ಉದ್ದವೆಂದರೆ ಪ್ರೇಮಿಗಳು ಎದುರುಬದುರಾಗಿ ನಿಂತು ಮಾತು ಮುಗಿಸಿಕೊಳ್ಳುತ್ತಾರೆ. ತಳದಲ್ಲಿ ಗಾಜಿನ ಗೂಡಿನಲ್ಲಿ ಕೂತ ಹೆಂಗಸು ಓಡಬೇಡಿ, ಮೆಟ್ಟಿಲ ಮೇಲೆ ಕೂರಬೇಡಿ ಎಂದು ಮೈಕಿನಲ್ಲಿ ಹೇಳುತ್ತಿರುತ್ತಾಳೆ.

ಎರ್ಮಿಟಾಜ್ ಕಲಾ ಮ್ಯೂಜಿಯಂ ಒಂದು ದಿನದಲ್ಲಿ ನೋಡುವ ಜಾಗವಲ್ಲ. 1764ರಲ್ಲಿ ಕ್ಯಾಥರೀನ್ ರಾಣಿ ಶುರು ಮಾಡಿದ ಸಂಗ್ರಹ. ರೆಂಬ್ರಾಂಟನ ಚಿತ್ರಗಳ ಮುಂದೆ ಕೂತು ಕಾಲು ನೋವು ಆರಿಸಿಕೊಂಡೆ. ಪ್ರತಿ ಕೋಣೆಯ ಮೂಲೆಯಲ್ಲೂ ಕುರ್ಚಿ ಹಾಕಿಕೊಂಡು ಶಾಲು ಹೊದ್ದ ಒಬ್ಬೊಬ್ಬ ಹಿರಿಯ ಹೆಂಗಸು ಕಾಯುತ್ತಾಳೆ. ಇವರ ಹಿಂದಿನವರು 1941ರಲ್ಲಿ ಜರ್ಮನ್ನರು ಬರುವ ಮೊದಲು ಹತ್ತು ಲಕ್ಷಕ್ಕೂ ಹೆಚ್ಚು ವಸ್ತುಗಳನ್ನು ಪೆಟ್ಟಿಗೆಗೆ ತುಂಬಿ ಉರಾಲ್ ಕಡೆಗೆ ಸಾಗಿಸಿದರು. ಚೌಕಟ್ಟುಗಳನ್ನು ಮಾತ್ರ ಅವುಗಳ ಜಾಗದಲ್ಲೇ ಬಿಟ್ಟರು. ಆಮೇಲೆ ಜರ್ಮನ್ ಸೈನ್ಯ ಊರಿಗೆ ಹಾಕಿದ ಮುತ್ತಿಗೆಯ ದಿನಗಳಲ್ಲಿ ಕೆಲಸಕ್ಕೆ ನೆರವಾದ ಸೈನಿಕರಿಗೆ ಅಲ್ಲಿನ ಪಾವೆಲ್ ಗುಬ್ಚೆವ್‌ಸ್ಕಿ ಎಂಬಾತ ಖಾಲಿ ಚೌಕಟ್ಟುಗಳ ಮುಂದೆ ನಿಲ್ಲಿಸಿ, ಅಲ್ಲಿದ್ದ ಚಿತ್ರಗಳನ್ನು ನೆನಪಿನಿಂದಲೇ ಬಣ್ಣಿಸಿದ. ನೆಲಮಾಳಿಗೆಯಲ್ಲಿ ಇಲಿ ಕಾಯಲು ಬೆಕ್ಕುಗಳಿವೆ, ಅವುಗಳ ಊಟೋಪಚಾರಕ್ಕೆ ವ್ಯವಸ್ಥೆಯೂ ಇದೆ.

ಶನಿವಾರ, ಸೇಂಟ್ ಪೀಟರ್ಸ್‌ಬರ್ಗ್

ಬೆಳಿಗ್ಗೆ ಹುಡುಗ ಬಂದು ಸೇರಿಕೊಂಡ. ತಿಂಡಿ ತಿನ್ನುವಲ್ಲಿ ಪಕ್ಕದ ಮೇಜಿನ ಪೋರನೊಬ್ಬ ಕಪ್ಪು ಬ್ರೆಡ್ಡಿನ ಅರ್ಧ ತುಂಡು ಬಿಟ್ಟು ಎದ್ದ. ಜೊತೆಗಿದ್ದ ಅಜ್ಜಿ ಅವನ ಭುಜ ಅದುಮಿ ಕೂರಿಸಿದಳು. ಈ ಸಲ ಕೂಗಾಟ ಇರಲಿಲ್ಲ, ತಗ್ಗಿದ ದನಿ. ಪೋರ ತುಟಿಪಿಟಕ್ಕೆನ್ನದೆ ತಿಂದ. ಮೇಜಿನ ಮೇಲಿನ ಪುಡಿಯನ್ನು ಅಜ್ಜಿ ಅಂಗೈಗೆ ಗುಡಿಸಿಕೊಂಡು ಬಾಯಿಗೆ ಹಾಕಿಕೊಂಡಳು. ನಮ್ಮಲ್ಲಿ ಬರಗಾಲ ಕಂಡ ಮುದುಕಿಯರು ಜೋಳದ ರೊಟ್ಟಿಯ ಚೂರನ್ನು ನೆಲಕ್ಕೆ ಬಿಡದೆ ಕಣ್ಣಿಗೊತ್ತಿಕೊಳ್ಳುವ ಹಾಗೆ.

ಆಮೇಲೆ ಪಿಸ್ಕರ್ಯೋವ್ ಸ್ಮಶಾನಕ್ಕೆ ಹೋದೆವು. 1941ರ ಸೆಪ್ಟೆಂಬರ್ 8ರಿಂದ 1944ರ ಜನವರಿ 27ರವರೆಗೆ, 872 ದಿನ, ಹಿಟ್ಲರನ ಸೈನ್ಯ ಈ ಊರನ್ನು ಸುತ್ತುವರಿದು ಹಸಿವಿಗೆ ಬಿಟ್ಟಿತ್ತು. ಆ ಮೊದಲ ಚಳಿಗಾಲದಲ್ಲಿ, ನವೆಂಬರ್ 20ರಿಂದ ಡಿಸೆಂಬರ್ 25ರವರೆಗೆ, ಕಾರ್ಮಿಕರಲ್ಲದವರಿಗೂ ಮಕ್ಕಳಿಗೂ ದಿನಕ್ಕೆ 125 ಗ್ರಾಂ ಬ್ರೆಡ್ಡು. ಅದರಲ್ಲೂ ಹಿಟ್ಟಿನ ಜೊತೆ ಬೆರಕೆ ಬಹಳ, ಹತ್ತಿಕಾಳಿನ ಹಿಂಡಿಯಿಂದ ಹಿಡಿದು ಮರದ ನಾರಿನವರೆಗೆ. ಈ ಒಂದೇ ಸ್ಮಶಾನದಲ್ಲಿ ನಾಲ್ಕು ಲಕ್ಷ ಇಪ್ಪತ್ತು ಸಾವಿರದಷ್ಟು ನಾಗರಿಕರು, ಎಪ್ಪತ್ತು ಸಾವಿರದಷ್ಟು ಸೈನಿಕರು. ಹೆಸರುಗಳಿಲ್ಲ. ಉದ್ದುದ್ದ ದಿಬ್ಬಗಳು, ಒಂದೊಂದಕ್ಕೂ ವರ್ಷ ಕೊರೆದ ಕಲ್ಲು: 1942, 1942, 1942. ಹಿಮ ಅರ್ಧ ಕರಗಿ ಕಲ್ಲುಗಳ ತಲೆ ಹೊರಬಂದಿತ್ತು. ಜನ ಹೂವಿನ ಜೊತೆ ಬ್ರೆಡ್ಡಿನ ತುಂಡು, ಚಾಕಲೇಟು ಇಟ್ಟು ಹೋಗಿದ್ದರು. ಕಲ್ಲಿನ ಮೇಲೆ ಬ್ರೆಡ್ಡು ಇಟ್ಟ ಒಬ್ಬ ಗಂಡಸು ಅದರ ಮೇಲಿನ ಹಿಮವನ್ನು ಬೆರಳಿನಿಂದ ಒರೆಸುತ್ತಿದ್ದ.

ಊರ ನಡುವೆ ಸಂತ ಐಸಾಕನ ಚೌಕದಲ್ಲಿ ವವೀಲೊವ್ ಸಂಸ್ಥೆಯ ಕಟ್ಟಡವಿದೆ. ಜಗತ್ತಿನ ಮೂಲೆಮೂಲೆಯಿಂದ ತಂದ ಗೋಧಿ, ಭತ್ತ, ಜೋಳ, ಶೇಂಗಾ ಬೀಜಗಳ ಭಂಡಾರ. ಮುತ್ತಿಗೆಯಲ್ಲಿ ಅದನ್ನು ಕಾಯುತ್ತಿದ್ದ ವಿಜ್ಞಾನಿಗಳು ಹಸಿವಿನಿಂದ ಒಬ್ಬೊಬ್ಬರಾಗಿ ಸತ್ತರು, ಬೀಜ ಮುಟ್ಟಲಿಲ್ಲ. ಭತ್ತದ ತಜ್ಞ ದ್ಮೀತ್ರಿ ಇವಾನೊವ್ ಸತ್ತದ್ದು ಭತ್ತದ ಪೊಟ್ಟಣಗಳ ನಡುವೆ. ಈ ಸಂಗತಿಯನ್ನು ರಷ್ಯನ್ನರು ಹೆಮ್ಮೆಯಿಂದ ಹೇಳುತ್ತಾರೆ, ಹೇಳಬೇಕಾದ್ದೇ. ಅದರ ಜೊತೆಗೆ ಹೇಳಬೇಕಾದ ಇನ್ನೊಂದು ಸಂಗತಿಯಿದೆ. ಆ ಭಂಡಾರ ಕಟ್ಟಿದ ನಿಕಲಾಯ್ ವವೀಲೊವ್ ಆ ಹೊತ್ತಿಗೆ ಸ್ತಾಲಿನ್‌ನ ಸೆರೆಯಲ್ಲಿದ್ದ. 1943ರ ಜನವರಿಯಲ್ಲಿ ಸರಾತೊವ್ ಜೈಲಿನಲ್ಲಿ ಅವನೂ ಹಸಿವಿನಿಂದ ಸೊರಗಿಯೇ ಸತ್ತ, ಶತ್ರುವಿನ ಮುತ್ತಿಗೆ ಇಲ್ಲದ ಊರಲ್ಲಿ. ಹುಡುಗನಿಗೆ ಇದು ಗೊತ್ತಿರಲಿಲ್ಲ. ಹೋಟೆಲಿಗೆ ಮರಳುವವರೆಗೆ ಇಬ್ಬರೂ ಹೆಚ್ಚು ಮಾತಾಡಲಿಲ್ಲ.

ಭಾನುವಾರ, ಸೇಂಟ್ ಪೀಟರ್ಸ್‌ಬರ್ಗ್

ಬಾನ್ಯಾ ಎಂಬ ಉಗಿಸ್ನಾನ ನೋಡದೆ ಹೋಗಬಾರದೆಂದು ಟೀಚರಮ್ಮ ಅಪ್ಪಣೆ ಕೊಡಿಸಿದ್ದರು. ಹುಡುಗ ನನ್ನನ್ನು ಸಾರ್ವಜನಿಕ ಸ್ನಾನಗೃಹದ ಹೆಂಗಸರ ಬಾಗಿಲವರೆಗೆ ಬಿಟ್ಟು, ಎರಡು ತಾಸಿಗೆ ಬರುತ್ತೇನೆಂದು ತಿರುಗಾಡಲು ಹೋದ.

ಒಳಗೆ ಬಟ್ಟೆಯೂ ಇಲ್ಲ, ಭೇದವೂ ಇಲ್ಲ. ಬ್ಯಾಂಕಿನವಳು ಯಾರು, ತರಕಾರಿಯವಳು ಯಾರು ಹೇಳಲಾಗದು. ಎಲ್ಲರ ತಲೆಯ ಮೇಲೂ ಉಣ್ಣೆಯ ಗಂಟೆಯಾಕಾರದ ಟೊಪ್ಪಿಗೆ. ಅದಿಲ್ಲದಿದ್ದರೆ ಬಿಸಿ ತಲೆಗೇರುತ್ತದೆ. ಉಗಿಕೋಣೆಯಲ್ಲಿ ಮರದ ಮೆಟ್ಟಿಲುಗಳು, ಮೇಲೆ ಹೋದಷ್ಟೂ ಝಳ. ಕಾದ ಕಲ್ಲಿನ ಮೇಲೆ ಒಬ್ಬಾಕೆ ಸೌಟಿನಿಂದ ನೀರು ಎರಚಿದಳು. ಬುಸ್ಸೆಂದು ಎದ್ದ ಉಗಿ ಮೂಗು, ಕಿವಿ ಸುಟ್ಟಿತು. ನಾನು ಕೆಳಗಿನ ಮೆಟ್ಟಿಲಲ್ಲಿ ಮುದುಡಿ ಕೂತಿದ್ದೆ. ನನ್ನಷ್ಟೇ ವಯಸ್ಸಿನ, ನನ್ನ ಎರಡರಷ್ಟು ಗಾತ್ರದ ಒಬ್ಬಾಕೆ ಬಂದು ನನಗೆ ಟೊಪ್ಪಿಗೆ ಇಲ್ಲವೆಂದು ಬೈದು, ತನ್ನ ಚೀಲದಿಂದ ಇನ್ನೊಂದು ತೆಗೆದು ತಲೆಗೆ ಒತ್ತಿದಳು. ಬೋರಲು ಮಲಗು ಎಂದು ಸನ್ನೆ. ಬಿಸಿನೀರಲ್ಲಿ ನೆನೆಸಿದ ಬರ್ಚ್ ಎಲೆಯ ಪೊರಕೆಯಿಂದ ಅಂಗಾಲಿನಿಂದ ಹೆಗಲವರೆಗೆ ತಟ್ಟುತ್ತ ಬಂದಳು. ಹೊಡೆತವಲ್ಲ, ಬಿಸಿಯನ್ನು ಮೈಗೆ ಒತ್ತುವ ಕ್ರಮ. ಕಾಡಿನ ಎಲೆಯ ವಾಸನೆ ತುಂಬಿಕೊಂಡಿತು. ಸಾಕು ಎಂದು ಏಳಹೋದರೆ ಮತ್ತೆ ಅದುಮಿದಳು. ಆಮೇಲೆ ನನ್ನ ಕೈ ಹಿಡಿದುಕೊಂಡೇ ಹೋಗಿ ತಣ್ಣೀರಿನ ಬಕೆಟ್ಟು ಸುರಿದಳು. ನಾನು ಕಿರುಚಿದ್ದು ಅಪ್ಪಟ ಬೀದರ್ ಕನ್ನಡದಲ್ಲಿ. ಮೂರು ಕಡೆಯಿಂದ ಹೆಂಗಸರು ನಕ್ಕರು. ಇಲ್ಲಿಗೆ ಬಂದಾಗಿನಿಂದ ಅಪರಿಚಿತರು ಹೀಗೆ ಬಾಯ್ತುಂಬ ನಕ್ಕದ್ದನ್ನು ನಾನು ನೋಡಿರಲಿಲ್ಲ.

ಹೊರಕೋಣೆಯಲ್ಲಿ ಥರ್ಮಾಸಿನಿಂದ ಗಿಡಮೂಲಿಕೆ ಚಹಾ ಕೊಟ್ಟಳು. ನಾನು ಬಟ್ಟೆ ಹಾಕಿಕೊಂಡು ಹೊರಟೆ, ಬಾಗಿಲಿಗೆ ಅಡ್ಡ ನಿಂತಳು. ಕೂದಲಲ್ಲಿ ಕೈಯಾಡಿಸಿ ನೋಡಿ, ಒದ್ದೆ! ಇನ್ನೂ ಇಪ್ಪತ್ತು ನಿಮಿಷ ಬೆಂಚಿನ ಮೇಲೆ ಕೂರಿಸಿದಳು, ಒಣಗಿಸುವ ಯಂತ್ರ ತಂದು ತಾನೇ ಹಿಡಿದಳು, ಮಫ್ಲರನ್ನು ಉಸಿರುಗಟ್ಟುವಷ್ಟು ಬಿಗಿದು ಕಟ್ಟಿದಳು. ಅಷ್ಟರಲ್ಲಿ ನನ್ನ ಫೋನು ಬಡಿದುಕೊಂಡಿತು. ಕರೆ ಮಾಡಿದವರು ಯಾರೆಂದು ಸನ್ನೆಯಲ್ಲಿ ಕೇಳಿದಳು. ಮಗ ಎಂದು ಸನ್ನೆಯಲ್ಲೇ ತೋರಿಸಿದೆ. ಫೋನು ಕಿತ್ತುಕೊಂಡು ಒಂದೇ ಉಸಿರಿಗೆ ಎರಡು ನಿಮಿಷ ಮಾತಾಡಿ ನನ್ನ ಕೈಗಿತ್ತಳು. ಆ ಕಡೆಯಿಂದ ದನಿ ಬಂತು:

"ದೊಡ್ಡವ್ವಾ, ಯಾರಕ್ಕಿ? ನನಗ್ಯಾಕ ಬೈಲಿಕತ್ತಾಳ?"